ನೆನಪಿನಿಂದ ಎದ್ದ ಊರು

ಪೋಲೆಂಡಿನ ರಾಜಧಾನಿ ವಾರ್ಸಾದ ಹಳೇ ಪೇಟೆಯ ಚೌಕದಲ್ಲಿ ನಿಂತಾಗ ಮೊದಲು ಮನಸ್ಸು ತುಂಬಿದ್ದು ಅಲ್ಲಿನ ಬಣ್ಣ. ನಾಲ್ಕೂ ಬದಿಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳು: ಕಾವಿ, ಹಳದಿ, ತಿಳಿಹಸಿರು. ನಡುವೆ ಕತ್ತಿ ಹಿಡಿದ ಮತ್ಸ್ಯಕನ್ಯೆ. ಅವಳೇ ಈ ಊರಿನ ಲಾಂಛನ. ಶತಮಾನಗಳಷ್ಟು ಹಳೆಯದೆಂದು ಭಾವಿಸಿ ಒಂದು ಗೋಡೆಯ ಮೇಲೆ ಕೈಯಿಟ್ಟೆ. ಆ ಗೋಡೆ ವಯಸ್ಸಿನಲ್ಲಿ ನನ್ನ ತಾಯಿಗಿಂತ ಚಿಕ್ಕದೆಂದು ಆಮೇಲೆ ತಿಳಿಯಿತು.

1944ರ ಆಗಸ್ಟ್ 1ರಂದು ಇಲ್ಲಿನವರು ನಾಜಿಗಳ ವಿರುದ್ಧ ದಂಗೆಯೆದ್ದರು. 63 ದಿನ ಕಾದಾಡಿ ಸೋತರು. ಗೆದ್ದವರು ಜನರನ್ನು ಊರಿನಿಂದ ಹೊರಗಟ್ಟಿ, ಬೀದಿಬೀದಿಗೆ ಬೆಂಕಿಯಿಟ್ಟರು. ಅರಮನೆಯನ್ನು ಸಿಡಿಮದ್ದಿನಿಂದ ಉರುಳಿಸಿದರು. ಹಳೇ ಪೇಟೆ ಇಟ್ಟಿಗೆಯ ಗುಡ್ಡೆಯಾಯಿತು. ರಾಜಧಾನಿಯನ್ನೇ ಬೇರೆ ಊರಿಗೆ ಒಯ್ಯುವ ಮಾತೂ ಬಂತು. ಆದರೆ ಓಡಿಸಲ್ಪಟ್ಟವರು ಒಬ್ಬೊಬ್ಬರಾಗಿ ಮರಳಿ ಬಂದು ಆ ಗುಡ್ಡೆಗಳನ್ನು ತೆಗೆಯತೊಡಗಿದರು.

ಮೊದಲಿದ್ದಂತೆಯೇ ಕಟ್ಟಬೇಕಾದರೆ ಗುರುತು ಬೇಕಲ್ಲ? ಹದಿನೆಂಟನೇ ಶತಮಾನದಲ್ಲಿ ಇಟಲಿಯಿಂದ ಬಂದ ಆಸ್ಥಾನ ಚಿತ್ರಕಾರ ಬರ್ನಾರ್ಡೊ ಬೆಲ್ಲೊಟ್ಟೊ ಇಲ್ಲಿನ ಬೀದಿಗಳನ್ನು ಕಿಟಕಿಯೊಂದನ್ನೂ ಬಿಡದೆ ಬರೆದಿಟ್ಟಿದ್ದ. ಯುದ್ಧಕ್ಕೆ ಮುಂಚೆ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡಿದ್ದರು. ಅವರ ಅಧ್ಯಾಪಕರು ಅವನ್ನು ಊರಾಚೆಯ ಮಠವೊಂದರಲ್ಲಿ ಬಚ್ಚಿಟ್ಟು ಕಾಪಾಡಿದ್ದರು. ಆ ಚಿತ್ರ, ಆ ನಕ್ಷೆಗಳನ್ನು ಹಿಡಿದು ಊರು ಮೇಲೆದ್ದಿತು. 1953ರಲ್ಲಿ ಚೌಕ ಸಿದ್ಧವಾಯಿತು. ಅರಮನೆಗೆ ಜನರೇ ಹಣ ಕೂಡಿಸಿದರು. 1939ರ ಬಾಂಬು ದಾಳಿಯಲ್ಲಿ 11 ಗಂಟೆ 15 ನಿಮಿಷಕ್ಕೆ ನಿಂತಿದ್ದ ಅದರ ಗೋಪುರದ ಗಡಿಯಾರವನ್ನು 1974ರಲ್ಲಿ ಅದೇ ಹೊತ್ತಿಗೆ ಮತ್ತೆ ನಡೆಸಿದರು. 1980ರಲ್ಲಿ ಯುನೆಸ್ಕೋ ಹಳೇ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದೆಲ್ಲ ನಕಲು ಎನ್ನುವವರಿದ್ದಾರೆ. ನನಗೆ ಹಾಗೆನಿಸಲಿಲ್ಲ. ಬಿದ್ದ ಅಜ್ಜನ ಮನೆಯನ್ನು ಅದೇ ಪಾಯದ ಮೇಲೆ, ಅಳಿದುಳಿದ ತೊಲೆಗಳನ್ನೇ ಹಾಕಿ ಮೊಮ್ಮಕ್ಕಳು ಎಬ್ಬಿಸಿದರೆ ಅದು ಅಜ್ಜನ ಮನೆಯೇ. ವಾರ್ಸಾದವರೂ ರಾಶಿಯಿಂದ ಹೆಕ್ಕಿದ ಇಟ್ಟಿಗೆ, ಕೆತ್ತನೆಯ ಚೂರುಗಳನ್ನು ಹೊಸ ಗೋಡೆಗಳಲ್ಲಿ ಕೂಡಿಸಿದ್ದಾರೆ. ಅಳಿಸಿಹಾಕಿದೆವೆಂದು ಹೋದವರಿಗೆ ಅದಕ್ಕಿಂತ ಗಟ್ಟಿಯಾದ ಉತ್ತರವಿಲ್ಲ.

ವಾರ್ಸಾಗೆ ಹೋದರೆ ಮೊದಲು ಅರಮನೆಯಲ್ಲಿ ಬೆಲ್ಲೊಟ್ಟೊನ ಚಿತ್ರಗಳಿರುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಕಳೆಯಿರಿ. ಆಮೇಲೆ ಬೀದಿಗಿಳಿಯಿರಿ. ಚಿತ್ರದಲ್ಲಿ ಕಂಡ ಕಿಟಕಿ ಬೀದಿಯಲ್ಲಿ ಕಂಡಾಗ, ಅದನ್ನು ಮತ್ತೆ ಅಲ್ಲೇ ಇಟ್ಟ ಕೈಗಳನ್ನು ನೆನೆಯಿರಿ.