ಹಾಲಿಲ್ಲದ ಕಳ್ಳಿ

ನಮ್ಮ ಬಾಲ್ಕನಿಯ ಕಳ್ಳಿ ಮೇಲಿನ ಸ್ಲ್ಯಾಬನ್ನು ಮುಟ್ಟಲು ಇನ್ನೊಂದು ಗೇಣು ಬಾಕಿ. ಮಳೆ ಶುರುವಾಗುವ ಮುಂಚೆ ಅದನ್ನು ಕತ್ತರಿಸಲೇಬೇಕು. ಹೇಗೆ ಕತ್ತರಿಸುವುದೆಂದು ನನಗೆ ಗೊತ್ತು, ಒಮ್ಮೆ ಅವ್ವ ಕತ್ತರಿಸಿದ್ದನ್ನು ನೋಡಿದ್ದೇನೆ. ಆದರೂ ಮೂರು ಭಾನುವಾರಗಳಿಂದ ಮುಂದೂಡುತ್ತಲೇ ಇದ್ದೇನೆ.

ಅದನ್ನು ತಂದದ್ದು 2012ರಲ್ಲಿ. ಸುರತ್ಕಲ್ಲಿನಲ್ಲಿ ಎಂಟೆಕ್ ಮುಗಿಸಿ, ಬೆಂಗಳೂರಲ್ಲಿ ಕೆಲವು ವರ್ಷ ಕಳೆದು, ಪುಣೆಗೆ ಬಂದು ನೆಲೆಯೂರುತ್ತಿದ್ದ ದಿನಗಳು. ವಾಕಡ್‌ನಲ್ಲಿ ಬಾಡಿಗೆ ಮನೆ, ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿ. ತುಳಸಿ, ಗುಲಾಬಿ, ಮಲ್ಲಿಗೆ ಎಲ್ಲವೂ ಒಂದೊಂದಾಗಿ ಸುಟ್ಟುಹೋದ ಮೇಲೆ, ರಸ್ತೆ ಬದಿಯ ನರ್ಸರಿಯವನಿಗೆ ಸಾಯದಂಥ ಗಿಡ ಕೊಡು ಎಂದು ಕೇಳಿದೆ. ಅವನು ಒಂದು ಗೇಣುದ್ದದ ಹಸಿರು ಕಂಬವನ್ನು ಕೈಗಿಟ್ಟು "ಸೀರಿಯಸ್" ಎಂದ. ಯಾರಿಗಪ್ಪಾ ಸೀರಿಯಸ್ಸು ಎಂದು ಒಂದು ಕ್ಷಣ ಗಾಬರಿಯಾಯಿತು. ಅದು ಗಿಡದ ಕುಲದ ಹೆಸರಂತೆ. ಲ್ಯಾಟಿನ್ನಿನಲ್ಲಿ ಮೇಣದ ಬತ್ತಿ ಎಂದರ್ಥ, ಊರು ದಕ್ಷಿಣ ಅಮೆರಿಕ.

ಈ ಗಿಡಕ್ಕೆ ಬೇಕಾದ ಆರೈಕೆ ನನ್ನಂಥ ಪ್ರಾಜೆಕ್ಟ್ ಮ್ಯಾನೇಜರನಿಗೆ ಬಲು ಕಷ್ಟದ್ದು. ಬಹಳಷ್ಟು ಸಮಯ ಏನೂ ಮಾಡದೆ ಸುಮ್ಮನಿರಬೇಕು. ಒಂದು ಪಾಲು ಮಣ್ಣಿಗೆ ಎರಡು ಪಾಲು ದಪ್ಪ ಮರಳು, ಇಟ್ಟಿಗೆ ಚೂರು ಸೇರಿಸಿ ಅಗಲ ಬಾಯಿಯ ಮಣ್ಣಿನ ಕುಂಡದಲ್ಲಿ ನೆಟ್ಟೆ. ಪ್ಲಾಸ್ಟಿಕ್ ಕುಂಡವಾದರೆ ಎತ್ತರವಾದಂತೆ ತಲೆಭಾರಕ್ಕೆ ಮಗುಚಿಬೀಳುತ್ತದೆ. ಅಗರಬತ್ತಿಯ ಕಡ್ಡಿಯನ್ನು ಮಣ್ಣಿಗೆ ಆಳವಾಗಿ ಚುಚ್ಚಿ, ಅದು ಒಣಗಿಯೇ ಹೊರಬಂದರೆ ಮಾತ್ರ ನೀರು. ಬೇಸಿಗೆಯಲ್ಲಿ ಎಂಟು ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಇಲ್ಲವೇ ಇಲ್ಲ. ನೀರು ಕುಡಿದಾಗ ಅದರ ಏಣುಗಳು ಉಬ್ಬುತ್ತವೆ, ಬಾಯಾರಿದಾಗ ಹಾರ್ಮೋನಿಯಂ ತಿದಿಯ ಹಾಗೆ ಒಳಸೇರುತ್ತವೆ. ಹಗಲು ತನ್ನ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ನೀರು ಆವಿಯಾಗಿ ಹೋಗದಂತೆ ರಾತ್ರಿ ಹೊತ್ತು ಮಾತ್ರ ಉಸಿರೆಳೆದುಕೊಳ್ಳುತ್ತದೆ. ನೈಟ್ ಶಿಫ್ಟಿನ ಗಿಡ ಎಂದು ನನ್ನ ಹೆಂಡತಿ ಅದಕ್ಕೆ ಹೆಸರಿಟ್ಟಳು. ಒಮ್ಮೆ ಬೆಳಕಿನ ಕಡೆ ವಾಲಿದೆಯೆಂದು ಕುಂಡವನ್ನು ಒಮ್ಮೆಲೇ ಪೂರ್ತಿ ತಿರುಗಿಸಿಬಿಟ್ಟೆ. ಬಿಸಿಲು ಕಾಣದಿದ್ದ ಮೈ ಬೆಂದು ಬಿಳಿ ಕಲೆಯಾಯಿತು. ಅಂದಿನಿಂದ ತಿಂಗಳಿಗೆ ಎರಡು ಬೆರಳಷ್ಟೇ ತಿರುಗಿಸುವುದು. ಆ ಕಲೆ ಹೋಗಲೇ ಇಲ್ಲ.

2018ರ ಜೂನ್‌ನಲ್ಲಿ ಅಪ್ಪ ಹೋದರು. ಹುನಗುಂದದ ಹತ್ತಿರದ ಹಳ್ಳಿ ನಮ್ಮದು. ದಿನಕರ್ಮ ಮುಗಿದ ಮೂರನೆಯ ದಿನಕ್ಕೆ ಎಮ್ಮೆ ಕಾಕಾನ ಕೊಟ್ಟಿಗೆ ಸೇರಿತು, ಮನೆಗೆ ಬೀಗ ಬಿತ್ತು, ಅವ್ವ ನನ್ನ ಜೊತೆ ಪುಣೆಗೆ ಬಂದಳು. ಪ್ಲ್ಯಾನ್ ಪೂರಾ ನನ್ನದೇ. ಎಕ್ಸೆಲ್ ಶೀಟ್ ಒಂದು ಮಾಡಿರಲಿಲ್ಲ, ಅಷ್ಟೇ. ಒಬ್ಬಳೇ ಇರುವುದು ಬೇಡ ಎಂದು ಎಲ್ಲರೂ ಅಂದರು, ನಾನೂ ಅಂದೆ. ಅವಳನ್ನು ಯಾರೂ ಕೇಳಲಿಲ್ಲ.

ಏಳನೇ ಮಹಡಿಯಲ್ಲಿ ಅವಳಿಗೆ ಕೆಲಸವಿರಲಿಲ್ಲ. ಅಡುಗೆಗೆ ಬಾಯಿ ಬರುತ್ತಿದ್ದರು, ಮಕ್ಕಳು ಶಾಲೆಗೆ ಹೋಗುತ್ತಿದ್ದರು. ನಾವಿಬ್ಬರೂ ಆಫೀಸಿನಿಂದ ಬರುವಾಗ ರಾತ್ರಿ ಎಂಟಾಗುತ್ತಿತ್ತು. ಊರಲ್ಲಿ ಎದ್ದ ಕೂಡಲೇ ಅಂಗಳಕ್ಕೆ ನೀರು ಹೊಡೆದು ತುಳಸಿಗೆ ಒಂದು ತಂಬಿಗೆ ಹಾಕುತ್ತಿದ್ದ ಕೈ ಅದು. ಇಲ್ಲಿ ಆ ತಂಬಿಗೆ ನೀರು ದಿನಾಲೂ ಕಳ್ಳಿಗೆ ಬಿತ್ತು. ಜುಲೈ ಪೂರ್ತಿ ಮಳೆ, ಮೇಲೆ ಅವ್ವನ ತಂಬಿಗೆ. ಆಗಸ್ಟ್ ಮೊದಲ ವಾರ ಬುಡ ಕಂದಿ, ಒತ್ತಿದರೆ ಬೆರಳು ಒಳಹೋಗುವಷ್ಟು ಮೆತ್ತಗಾಗಿತ್ತು. ಕೆಟ್ಟ ವಾಸನೆ ಬೇರೆ. ವಯಸ್ಸಾದ ಕಳ್ಳಿಯ ಬುಡ ಕಂದು ಬಣ್ಣಕ್ಕೆ ತಿರುಗಿ ಮರದಂತೆ ಗಟ್ಟಿಯಾಗುವುದು ಸಹಜ. ಇದು ಹಾಗಲ್ಲ, ಕೊಳೆತ.

ಆ ವಾರ ನನ್ನ ಪ್ರಾಜೆಕ್ಟಿನಲ್ಲೂ ಏನೂ ಸರಿಯಿರಲಿಲ್ಲ. ಆದರೆ ಅದು ನೆಪ. "ಯಾರ ಹೇಳಿದ್ರು ನಿನಗ ನೀರ ಹಾಕಂತ? ಗೊತ್ತಿಲ್ಲಂದ್ರ ಸುಮ್ನ ಇರಬೇಕು," ಎಂದು ಕೂಗಿಬಿಟ್ಟೆ. ಮಕ್ಕಳ ಎದುರಿಗೇ. ಆರು ವರ್ಷ ಬೆಳೆಸಿದ್ದೆನಲ್ಲ ಎಂಬ ಸಿಟ್ಟು. ಅವಳು ನನ್ನನ್ನು ಬೆಳೆಸಿದ ಲೆಕ್ಕ ಆಗ ನೆನಪಿಗೆ ಬರಲಿಲ್ಲ.

ಅವ್ವ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯ ದೊಡ್ಡ ಚಾಕು ತಂದು, ಕಂಬಕ್ಕೆ ಹಳೇ ಟವೆಲ್ ಸುತ್ತಿ "ಹಿಡಕೋ" ಎಂದಳು. ಬುಡದಿಂದ ಮೇಲಕ್ಕೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತ ಹೋದಳು. ಒಳಗಿನ ಉಂಗುರದಲ್ಲಿ ಕಂದು ಚುಕ್ಕೆ ಕಂಡರೆ ಇನ್ನೊಂದು ಬಿಲ್ಲೆ. ಪ್ರತಿ ಸಲವೂ ಚಾಕು ಒರೆಸುತ್ತಿದ್ದಳು. ಐದೂವರೆ ಅಡಿಯ ಗಿಡ ನಾಲ್ಕಡಿಗೆ ಬಂದಾಗ ತಿರುಳು ಬೆಳ್ಳಗೆ, ಸ್ವಚ್ಛವಾಗಿ ಕಂಡಿತು. ಆಗ ಅವಳಿಗೆ ಆಶ್ಚರ್ಯ: "ಹಾಲ ಬರಲಿಲ್ಲಲ್ಲೋ ತಮ್ಮಾ. ಇದ್ಯಾವ ಕಳ್ಳಿ?"

ನಮ್ಮೂರ ಬೇಲಿಯ ಕಳ್ಳಿಯನ್ನು ಕಡಿದರೆ ಬಿಳಿ ಹಾಲು ಸುರಿಯುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಅದು ಯೂಫೋರ್ಬಿಯಾ ಜಾತಿ. ಇದು ಕ್ಯಾಕ್ಟಸ್, ಒಳಗೆ ಬರೀ ಲೋಳೆ ನೀರು. ಎರಡಕ್ಕೂ ಸಂಬಂಧವಿಲ್ಲ. ಬೇರೆ ಬೇರೆ ಖಂಡಗಳಲ್ಲಿ ಒಂದೇ ತರಹದ ಒಣಹವೆಗೆ ಹೊಂದಿಕೊಳ್ಳುತ್ತ ಒಂದೇ ತರಹದ ಆಕಾರ ತಾಳಿದವು. ಇದನ್ನೆಲ್ಲ ನಾನು ಹೇಳಿದೆ. ಹಾಗಾದರೂ ಮಾತು ಶುರುವಾಗಲಿ ಎಂದು. ಅವಳು ಹೂಂ ಅಂದಳು.

ಅಂದು ಶನಿವಾರ. ಮಣ್ಣು, ಕುಂಡ ಎಲ್ಲ ತಯಾರಿದ್ದವು, ಅಂದೇ ನೆಟ್ಟು ಮುಗಿಸೋಣ ಎಂದೆ. ಅವ್ವ ಬಿಡಲಿಲ್ಲ. "ಹಸೀ ಗಾಯ ಮಣ್ಣಾಗ ಇಟ್ರ ಮತ್ತ ಕೊಳೀತೈತಿ. ನೆರಳಾಗ ಇಡು. ಒಣಗಲಿ. ಅದಕ್ಕ ಯಾವಾಗ ಬೇಕು ಆವಾಗ ಬೇರ ಬಿಡತೈತಿ." ಊರಲ್ಲಿ ಬೇಲಿಗೆ ಕಡಿದ ಕಳ್ಳಿಯನ್ನು ಬದುವಿನ ಮೇಲೆ ಒಟ್ಟಿ ಬಾಡಿಸಿಯೇ ನೆಡುತ್ತಿದ್ದರಂತೆ. ಗಿಡವನ್ನು ಪೇಪರ್ ಹಾಸಿ ಹಾಲಿನ ಮೂಲೆಯಲ್ಲಿ ಒರಗಿಸಿಟ್ಟೆವು. ಮೂರು ವಾರದಲ್ಲಿ ಕೊಯ್ದ ಜಾಗಕ್ಕೆ ಬಿಗಿಯಾದ ಚರ್ಮ ಕಟ್ಟಿತು.

ಆ ಮೂರು ವಾರ ದಿನಾ ಅದರ ಪಕ್ಕ ಹಾದುಹೋಗುವಾಗ ಅವ್ವನ ಮಾತು ಚುಚ್ಚುತ್ತಿತ್ತು. ಅವಳು ಗಿಡದ ಬಗ್ಗೆಯಷ್ಟೇ ಹೇಳಿದ್ದಳು, ಒಳಅರ್ಥ ಇಟ್ಟು ಮಾತಾಡುವವಳಲ್ಲ. ಆದರೆ ನಲವತ್ತೈದು ವರ್ಷದ ಸಂಸಾರ ಮುಗಿದ ಮೂರನೇ ದಿನಕ್ಕೇ ಅವಳನ್ನು ಕಿತ್ತು ತಂದು ಇಲ್ಲಿ ನೆಟ್ಟವನು ನಾನೇ ತಾನೆ? ಗಣೇಶ ಚತುರ್ಥಿಯ ಹೊತ್ತಿಗೆ ಅವಳು ಮೆಲ್ಲಗೆ, "ನಾ ಊರಿಗೆ ಹೋಗ್ತೀನಿ" ಎಂದಳು. ಈ ಸಲ ನಾನು ವಾದಿಸಲಿಲ್ಲ. ದೀಪಾವಳಿಗೆ ಬೀಗ ತೆಗೆದೆವು. ಎಮ್ಮೆ ಮರಳಿ ಬಂತು. ಈಗ ತಿಂಗಳಿಗೊಮ್ಮೆ ರಾತ್ರಿ ಬಸ್ಸು ಹಿಡಿದು ಹೋಗಿಬರುತ್ತೇನೆ. ಅವಳಿಗೆ ಮಂಡಿನೋವಿದೆ, ರಾತ್ರಿ ಒಬ್ಬಳೇ ಇರುತ್ತಾಳೆ, ನನಗೆ ಚಿಂತೆಯೂ ಇದೆ. ನಾನು ಮಾಡಿದ್ದು ಪೂರ್ತಿ ಸರಿ ಎಂದು ಹೇಳಲಾರೆ.

ಕಳ್ಳಿ ಬೇರು ಬಿಟ್ಟಿತು. 2021ರ ಜೂನ್‌ನ ಒಂದು ಶನಿವಾರ ರಾತ್ರಿ ಪ್ರೊಡಕ್ಷನ್ ರಿಲೀಸ್ ಇತ್ತು. ಒಂದೂವರೆ ಗಂಟೆಗೆ ಕಾಲ್ ಮ್ಯೂಟ್ ಮಾಡಿ ಬಾಲ್ಕನಿಗೆ ಹೋದರೆ, ಅಂಗೈಗಿಂತ ದೊಡ್ಡ ಬಿಳಿ ಹೂವು ಪೂರ್ತಿ ಅರಳಿ ನಿಂತಿದೆ. ಪತಂಗ, ಬಾವಲಿಗಳಿಗಾಗಿ ಒಂದೇ ರಾತ್ರಿ ಅರಳುವ ಹೂವು. ಹೆಂಡತಿ, ಮಕ್ಕಳನ್ನು ಎಬ್ಬಿಸಿ ತೋರಿಸಿದೆ. ಅವ್ವ ಏಳುವ ಐದು ಗಂಟೆಯವರೆಗೆ ಕಾದು ವಿಡಿಯೋ ಕಾಲ್ ಮಾಡಿದೆ. ಅಷ್ಟರಲ್ಲಿ ಎಸಳು ಜೋಲತೊಡಗಿತ್ತು. "ಛಲೋ ಐತಿ. ಜಗ್ಗಿ ನೀರ ಹಾಕಬ್ಯಾಡ ಮತ್ತ," ಎಂದಳು. ನಕ್ಕಳೋ ಇಲ್ಲವೋ, ಕತ್ತಲಲ್ಲಿ ಸರಿಯಾಗಿ ಕಾಣಲಿಲ್ಲ.

ಹೋದ ವಾರ ಫೋನಿನಲ್ಲಿ ಕಳ್ಳಿ ಕತ್ತರಿಸಬೇಕೆಂದು ಹೇಳಿದೆ. "ತುದಿ ಒಗೀಬ್ಯಾಡ. ಒಣಗಿಸಿ ತಗೊಂಡ ಬಾ, ಹಿತ್ತಲ ಗ್ವಾಡಿಗೆ ಹಚ್ಚೋಣ," ಎಂದಳು.

ಕತ್ತರಿಸಿದರೆ ಮೂರು ವಾರಕ್ಕೆ ಒಣಗುತ್ತದೆ. ಒಣಗಿದರೆ ಒಯ್ಯಬೇಕು. ಒಯ್ದರೆ ಹಿತ್ತಲಲ್ಲಿ ಇಬ್ಬರೇ ಕೂತು ನೆಡಬೇಕು. ಅಂದು ಕೂಗಿದ್ದಕ್ಕೆ ನಾನಿನ್ನೂ ಒಂದು ಮಾತು ಹೇಳಿಲ್ಲ, ಅವಳೂ ಎತ್ತಿಲ್ಲ. ಈ ಭಾನುವಾರ ಚಾಕು ತೆಗೆಯುತ್ತೇನೆ.