ದನಾ ಎಲ್ಲಿ ಬಿಟ್ಟು ಬಂದ್ರು?

ನಮ್ಮ ತೆಲಸಂಗದ ಮಂದಿ ಯುದ್ಧ ನೋಡಿದ್ದು ಗುಡಿ ಮುಂದಿನ ಬಯಲಿನಲ್ಲಿ, ಎರಡು ಬೊಂಬಿಗೆ ಬಿಗಿದ ಬಿಳಿ ಪರದೆಯ ಮೇಲೆ. ಬಾಂಗ್ಲಾ ಯುದ್ಧ ಮುಗಿದ ಮರುವರ್ಷ, 1972ರ ಬೇಸಿಗೆ. ಸರ್ಕಾರದ ಪ್ರಚಾರದ ಗಾಡಿ ಬಂತೆಂದರೆ ಊರಿಗೆ ಊರೇ ಉಂಡು, ಕಂಬಳಿ ಹೊತ್ತು ಬಂದು ಕೂಡುತ್ತಿತ್ತು. ಮುಂದೆ ಜಾಗ ಸಿಗದವರಿಗೆ ಪರದೆಯ ಹಿಂದೆ. ಕಾಕಾ ಮತ್ತು ನಾನು ಯಾವಾಗಲೂ ಹಿಂದಿನವರೇ. ಅಲ್ಲಿಂದ ನೋಡಿದರೆ ಲೋಕವೇ ತಿರುಗುಮುರುಗು. ದಂಡಿನವರೆಲ್ಲ ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುತ್ತಿದ್ದರು. ಎಡಚರೆಲ್ಲ ಸೇರಿ ಯುದ್ಧ ಗೆದ್ದರೆಂದು ಬಹಳ ದಿನ ನಂಬಿದ್ದೆ.

ಆಮೇಲೆ ಪರದೆಯ ಮೇಲೆ ನಿರಾಶ್ರಿತರು ಬಂದರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಮುಗಿಯದ ಸಾಲು. ಯುದ್ಧದ ವರ್ಷ ಗಡಿ ದಾಟಿ ಭಾರತಕ್ಕೆ ಬಂದವರು ಸುಮಾರು 1 ಕೋಟಿ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಕಾ ಮಾತ್ರ ಪರದೆಯ ಹತ್ತಿರ ಹೋಗಿ ಬಗ್ಗಿ ಬಗ್ಗಿ ಏನನ್ನೋ ಹುಡುಕಿದ. ರೀಲು ಬದಲಿಸುವಾಗ ಗಾಡಿಯವನನ್ನು ಹಿಡಿದ.

“ಸಾಹೇಬ್ರ, ಮಂದಿ ಬಂತು ಖರೆ. ಇವರು ದನಾ ಎಲ್ಲಿ ಬಿಟ್ಟು ಬಂದ್ರು?”

“ಅದು ರೀಲಿನ್ಯಾಗ ಇಲ್ರಿ, ಯಜಮಾನ್ರ.”

ಬಯಲೆಲ್ಲ ನಕ್ಕಿತು. ಕಾಕಾ ನಗಲಿಲ್ಲ. ಆ ಪ್ರಶ್ನೆ ಮಾತ್ರ ನನಗೆ ಗಂಟುಬಿದ್ದಿತು. ಎಲ್ಲಿ ಹೋದರೂ ಅದೇ ಕಾಣುತ್ತದೆ.

ನಮ್ಮೂರಿನಿಂದ ವಿಜಯಪುರದ ಬಸ್ಸು ಹತ್ತಿದರೆ ಮಲಿಕ್-ಎ-ಮೈದಾನ್ ತೋಪು ದೂರವೇನಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಎರಕ ಹೊಯ್ದ ಮುಹಮ್ಮದ್ ಬಿನ್ ಹುಸೇನ್ ರೂಮಿಯ ಹೆಸರು ತೋಪಿನ ಮೇಲೆಯೇ ಇದೆ. 1632ರಲ್ಲಿ ಪರಾಂಡಾದಿಂದ ಅದನ್ನು ಎಳೆದು ತಂದದ್ದು 10 ಆನೆ, 400 ಎತ್ತು ಎನ್ನುತ್ತಾರೆ. ಆ ಎತ್ತುಗಳ ಗುರುತು ಎಲ್ಲೂ ಇಲ್ಲ. ಆನೆಯ ಗುರುತೊಂದು ಉಂಟು. ತೋಪಿನ ಬಾಯಿ ಸಿಂಹದ ಬಾಯಿ. ಅದರ ಕೋರೆಹಲ್ಲಿನ ನಡುವೆ ಪುಟ್ಟ ಆನೆಯೊಂದು ನುರಿಯುತ್ತಿದೆ. ಎಳೆದು ತಂದದ್ದಕ್ಕೆ ಒಳ್ಳೆಯ ಕೂಲಿ! 1854ರಲ್ಲಿ ಈ ತೋಪನ್ನು 150 ರೂಪಾಯಿಗೆ ಹರಾಜು ಹಾಕಿ, ಮತ್ತೆ ಮನಸ್ಸು ಬದಲಿಸಿ ಉಳಿಸಿಕೊಂಡರು. ಆ ರೇಟು ಕೇಳಿದ್ದರೆ 400 ಎತ್ತೂ ನೊಗ ಬಿಸಾಕಿ ಹೊರಡುತ್ತಿದ್ದವು.

ಕಾಕಾನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ತೋಪಿನ ಸುತ್ತ ಒಂದು ಸುತ್ತು ಬಂದ. “ನಾಕನೂರ ಎತ್ತಿಗೆ ಸಂಜೀಕ ಕಣಿಕಿ ಯಾರ ಹಾಕಿದ್ರೋ ತಮ್ಮಾ?” ಎಂದ. ಇತಿಹಾಸದ ಮೇಷ್ಟ್ರು ಯಾರೂ ಕೇಳದ ಮಾತು. ದಂಡು ಇಳಿದ ಊರಲ್ಲಿ ಮೊದಲು ಕರಗುವುದು ರೈತನ ಬಣವೆ. ಕತ್ತಿ ಕುತ್ತಿಗೆಗೆ ಬರುವ ಮೊದಲೇ ಯುದ್ಧ ಹಿತ್ತಲಿಗೆ ಬಂದಿರುತ್ತದೆ. 1685–86ರಲ್ಲಿ ಔರಂಗಜೇಬನ ದಂಡು ವಿಜಯಪುರವನ್ನು ಮುತ್ತಿ ಕೂತಾಗ ಕೋಟೆಯ ಒಳಗೂ ಹೊರಗೂ ಹಸಿವೇ. ಮೊಗಲರ ದಂಡುಗಳಿಗೆ ಕಾಳು ಹೊತ್ತು ತರುತ್ತಿದ್ದುದು ಲಂಬಾಣಿಗರ ಹೇರೆತ್ತುಗಳ ಹಿಂಡು. ಯುದ್ಧ ಗೆದ್ದವರು ಬಾದಶಹರು, ನಡೆದವು ಎತ್ತು.

ದಿಲ್ಲಿಯಲ್ಲೂ ಇದೇ ಕಥೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಊರನ್ನು ಹಿಡಿದ ಕುದುರೆ ದಂಡಿನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಮೈಸೂರು, ಜೋಧಪುರ, ಹೈದರಾಬಾದಿನ ಸವಾರರ ನೆನಪಿಗೆ ನಿಂತದ್ದೇ ತೀನ್ ಮೂರ್ತಿ. ಕಂಚಿನ ಮೂವರು ನೆಲದ ಮೇಲೆ ನಿಂತಿದ್ದಾರೆ. ಸವಾರರ ಸ್ಮಾರಕ, ಕುದುರೆ ಮಾತ್ರ ಒಂದೂ ಇಲ್ಲ. ಕಾಕಾ ನೋಡಿದ್ದರೆ ಅಲ್ಲೂ ಬಗ್ಗಿ ಹುಡುಕುತ್ತಿದ್ದ.

ಇರಲಿ, ಗುಡಿಯ ಬಯಲಿಗೆ ಬರೋಣ. ಆ ವರ್ಷವೇ ಮಳೆ ಕೈಕೊಟ್ಟಿತು. ಬರ ನಮ್ಮ ಭಾಗವನ್ನೂ ಪಕ್ಕದ ಮಹಾರಾಷ್ಟ್ರವನ್ನೂ ಒಣಗಿಸಿತು. ಬಣವೆ ಇದ್ದ ಜಾಗದಲ್ಲಿ ಬರೀ ಗುಂಡನೆಯ ಕಲೆ. ಕಾಕಾ ಒಂದು ನಸುಕಿನಲ್ಲಿ ಖಿಲಾರಿ ಜೋಡಿಯ ಮೈ ತೊಳೆದು ಸಂತೆಗೆ ಹೊಡೆದುಕೊಂಡು ಹೋದ. ಸಂಜೆ ಒಬ್ಬನೇ ಬಂದ. ಎತ್ತು ಮಾರಿದರೂ ಹಗ್ಗ ಮಾರಬಾರದು ಅನ್ನೋದು ನಮ್ಮ ರೂಢಿ. ಹೆಗಲ ಮೇಲಿದ್ದ ಎರಡೂ ಹಗ್ಗ ಗೂಟಕ್ಕೆ ತೂಗುಹಾಕಿ, ಉಣ್ಣದೆ ಮಲಗಿದ.

ಗಾಡಿಯವ ಹೇಳಿದ್ದು ಖರೆ, ಅದು ರೀಲಿನಲ್ಲಿರಲಿಲ್ಲ. ನಮ್ಮ ಗೋದಲಿಯ ಗೂಟಕ್ಕಿತ್ತು.