ಕಾರಿನಲ್ಲಿ ತಾಳಮದ್ದಳೆ

ನಮ್ಮ ಭಾವನವರು ಯಾವ ವಸ್ತುವನ್ನೂ ಎಸೆಯುವವರಲ್ಲ. ಅವರ ಮನೆಯಲ್ಲಿ ಇವತ್ತಿಗೂ ಕೀಲಿ ಕೊಡುವ ಗಡಿಯಾರ ಗೋಡೆಯ ಮೇಲಿದೆ, ರೇಡಿಯೋ ಲೈಸೆನ್ಸಿನ ಪುಸ್ತಕ ಕಪಾಟಿನಲ್ಲಿದೆ. ಹಾಗಾಗಿ ಹೋದ ಮಾಘದಲ್ಲಿ ಊರಿನ ಕಡೆ ಮೂಡುಮನೆಯವರ ಗೃಹಪ್ರವೇಶಕ್ಕೆಂದು ಬೆಂಗಳೂರಿನಿಂದ ಹೊರಟಾಗ, ಅವರು ಕೈಚೀಲದಿಂದ ಅಂಗೈಯಗಲದ ಒಂದು ಡಬ್ಬಿ ತೆಗೆದು, ಅದರ ರಬ್ಬರ್ ಬಟ್ಟಲನ್ನು ಒದ್ದೆ ಮಾಡಿ ಕಾರಿನ ಮುಂದಿನ ಗಾಜಿಗೆ ಅಂಟಿಸಿದ್ದು ನನಗೇನೂ ಸೋಜಿಗವೆನಿಸಲಿಲ್ಲ. ಜಿಪಿಎಸ್ ಡಬ್ಬಿ. 2011ರಲ್ಲಿ ಕೊಂಡದ್ದಂತೆ. ದಾರಿ ತೋರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ. ಫೋಟೋ ತೆಗೆಯುವುದಿಲ್ಲ, ಗುಡ್ ಮಾರ್ನಿಂಗ್ ಕಳಿಸುವುದಿಲ್ಲ, ಸಾಲ ಬೇಕೇ ಎಂದು ಕೇಳುವುದಿಲ್ಲ.

“ಮಾವ, ಫೋನ್ ಇದೆಯಲ್ಲ” ಎಂದ ಮಗ, ಸ್ಟೀರಿಂಗ್ ಹಿಂದಿನಿಂದ.

“ಇರಲಿ ಮಾರಾಯ. ಅದೂ ಇರಲಿ, ಇದೂ ಇರಲಿ” ಎಂದರು ಭಾವ. ಹಿಂದೆ ಕೂತ ಅಕ್ಕ ಹಣೆ ಚಚ್ಚಿಕೊಂಡದ್ದು ಕನ್ನಡಿಯಲ್ಲಿ ಕಾಣಿಸಿತು.

ಮಗ ಫೋನಿಗೆ ‘ಸಿದ್ದಾಪುರ’ ಎಂದು ಹೇಳಿದ. ಫೋನು ಕ್ಷಣದಲ್ಲಿ ಕೊಡಗಿಗೆ ಕರೆದೊಯ್ಯಲು ಸಿದ್ಧವಾಯಿತು. ಅದಲ್ಲ ಅಂದಿದ್ದಕ್ಕೆ ಉತ್ತರ ಕನ್ನಡಕ್ಕೆ ಹೊರಟಿತು. ನಮ್ಮದು ಕುಂದಾಪುರದ ಕಡೆಯ ಸಿದ್ದಾಪುರ ಎಂದು ಅದಕ್ಕೆ ಮನದಟ್ಟು ಮಾಡುವ ಹೊತ್ತಿಗೆ ನಾವು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿದ್ದೆವು. ಡಬ್ಬಿ ಮಾತ್ರ ಇನ್ನೂ ಕಣ್ಣೇ ಬಿಟ್ಟಿರಲಿಲ್ಲ. ‘ಉಪಗ್ರಹ ಹುಡುಕಲಾಗುತ್ತಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲೊಂದನ್ನು ಹಣೆಗೆ ಹಚ್ಚಿಕೊಂಡು, ಸಂಧ್ಯಾವಂದನೆಗೆ ಕೂತವರ ಹಾಗೆ ನಿಶ್ಚಲವಾಗಿತ್ತು.

ಈ ತಡಕ್ಕೆ ಒಂದು ಕಾರಣ ಇದೆ, ಅದು ನನಗೆ ಬಹಳ ಇಷ್ಟ. ಆಕಾಶದ ಜಿಪಿಎಸ್ ಉಪಗ್ರಹಗಳು ತಾವು ಯಾವ ಹೊತ್ತಿಗೆ ಎಲ್ಲಿರುತ್ತೇವೆ ಎಂಬ ಯಾದಿಯನ್ನು ತಾವೇ ಓದಿ ಹೇಳುತ್ತಿರುತ್ತವೆ. ಇಂಗ್ಲಿಷಿನಲ್ಲೂ ಆ ಯಾದಿಗಿಟ್ಟ ಹೆಸರಿನ ಅರ್ಥ ಪಂಚಾಂಗವೇ! ಆದರೆ ಓದುವ ವೇಗ ಸೆಕೆಂಡಿಗೆ 50 ಬಿಟ್, ಪೂರ್ತಿ ಪಂಚಾಂಗ ಶ್ರವಣಕ್ಕೆ ಹನ್ನೆರಡೂವರೆ ನಿಮಿಷ. ತಿಂಗಳುಗಟ್ಟಲೆ ಚೀಲದಲ್ಲಿ ಮಲಗಿದ್ದ ಡಬ್ಬಿ ಎದ್ದ ಕೂಡಲೇ ತಾಳ್ಮೆಯಿಂದ ಅದನ್ನು ಕೇಳಿಸಿಕೊಳ್ಳಬೇಕು. ಫೋನಿಗೆ ಅಷ್ಟೆಲ್ಲ ಶ್ರದ್ಧೆ ಇಲ್ಲ. ಅದು ಪಕ್ಕದ ಮೊಬೈಲ್ ಟವರಿನಿಂದ ಪಂಚಾಂಗದ ನಕಲು ಇಳಿಸಿಕೊಂಡು, ‘ನೋಡಿದೆ ನೋಡಿದೆ’ ಎಂದುಬಿಡುತ್ತದೆ. ನಾನು ನಿವೃತ್ತ ಮೇಷ್ಟ್ರು. ಪರೀಕ್ಷೆಯ ದಿನ ಪಕ್ಕದವನ ನೋಟ್ಸ್ ನೋಡಿ ಪಾಸಾಗುವ ಹುಡುಗರನ್ನು ಮೂವತ್ತು ವರ್ಷ ನೋಡಿದ್ದೇನೆ, ಅವರ ಮೇಲೆ ಕೋಪ ಬಂದದ್ದು ಕಡಿಮೆ.

ನೆಲಮಂಗಲ ದಾಟುವಾಗ ಡಬ್ಬಿ ಬಾಯಿಬಿಟ್ಟಿತು. ಅಲ್ಲಿಂದ ಕಾರಿನೊಳಗೆ ತಾಳಮದ್ದಳೆ ಶುರು.

ತಾಳಮದ್ದಳೆ ಗೊತ್ತಿಲ್ಲದವರಿಗೆ ಒಂದು ಮಾತು. ವೇಷ ಇಲ್ಲ, ಕುಣಿತ ಇಲ್ಲ. ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು, ಒಬ್ಬ ಕೃಷ್ಣನಾಗಿ ಇನ್ನೊಬ್ಬ ಭೀಷ್ಮನಾಗಿ, ಬೆಳಗಿನವರೆಗೆ ಬಿಟ್ಟುಕೊಡದೆ ವಾದಿಸುವುದು. ನಮ್ಮಲ್ಲಿ ಫೋನು ಕೃಷ್ಣ, ಅದಕ್ಕೆ ಎಲ್ಲರ ಗುಟ್ಟೂ ಗೊತ್ತು. ಡಬ್ಬಿ ಭೀಷ್ಮ. ತಿಪಟೂರಿನ ಹತ್ತಿರ ಹೊಸ ಚತುಷ್ಪಥದ ಮೇಲೆ ಎಂಬತ್ತರ ವೇಗದಲ್ಲಿ ಹೋಗುತ್ತಿದ್ದೇವೆ. ಡಬ್ಬಿಯ ಪರದೆಯಲ್ಲಿ ರಸ್ತೆಯೇ ಇಲ್ಲ, ನಮ್ಮ ಕಾರು ಯಾರದೋ ತೆಂಗಿನ ತೋಟದ ನಡುವೆ ಓಡುತ್ತಿದೆ. ಭೀಷ್ಮರು ಪಾಪ ಗಾಬರಿಯಿಂದ ‘ಸಾಧ್ಯವಾದಾಗ ಹಿಂದಿರುಗಿ, ಸಾಧ್ಯವಾದಾಗ ಹಿಂದಿರುಗಿ’ ಎನ್ನುತ್ತಿದ್ದಾರೆ. ಕೃಷ್ಣ ತಣ್ಣಗೆ ‘ಮೂವತ್ತೆರಡು ಕಿಲೋಮೀಟರ್ ನೇರ ಹೋಗಿ’ ಎನ್ನುತ್ತಾನೆ. ಭಾವನವರು ಡಬ್ಬಿಯ ಪರವಾಗಿ, “ಅದರ ತಪ್ಪಲ್ಲ, ನಕ್ಷೆ ಹಳತು. ಹೊಸದು ಹಾಕಿಸಲಿಕ್ಕೆ ದುಡ್ಡು ಕೇಳಿದರು, ಬೇಡ ಅಂದೆ” ಎಂದು ವಕಾಲತ್ತು ಮಾಡಿದರು.

ಈ ಡಬ್ಬಿಗಳಿಗೂ ಒಂದು ಕಾಲವಿತ್ತು. ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನ್ಯಕ್ಕೆಂದು ಮಾಡಿಕೊಂಡ ವ್ಯವಸ್ಥೆ ಇದು; ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ನಾಗರಿಕರಿಗೆ ಕೊಡುವ ಸಂಕೇತವನ್ನು ಅವರು ಬೇಕೆಂದೇ ಕಲಕಿ ಕೊಡುತ್ತಿದ್ದರು, ನೂರು ಮೀಟರಿನಷ್ಟು ಆಚೀಚೆ ತೋರಿಸುವ ಹಾಗೆ. 2000ದ ಮೇ ತಿಂಗಳಲ್ಲಿ ಕ್ಲಿಂಟನ್ ಸರಕಾರ ಆ ಕಲಕುವಿಕೆಯನ್ನು ನಿಲ್ಲಿಸಿತು. ಒಂದೇ ರಾತ್ರಿಯಲ್ಲಿ ಲೋಕದ ಡಬ್ಬಿಗಳೆಲ್ಲ ಕಣ್ಣಿನ ಪೊರೆ ತೆಗೆಸಿಕೊಂಡಂತಾಯಿತು. ವ್ಯಾಪಾರ ಏರಿತು. ಗಾರ್ಮಿನ್ ಎಂಬ ಹೆಸರು ಕೇಳಿದ್ದೀರಲ್ಲ. 1989ರಲ್ಲಿ ಗ್ಯಾರಿ ಬರೆಲ್, ಮಿನ್ ಕಾವ್ ಎಂಬ ಇಬ್ಬರು ಅಮೆರಿಕದ ಕಾನ್ಸಾಸಿನಲ್ಲಿ ಕಟ್ಟಿದ ಕಂಪನಿ, ಗ್ಯಾರಿಯ ‘ಗಾರ್’, ಮಿನ್‌ನ ‘ಮಿನ್’. ನಮ್ಮೂರ ಅಂಗಡಿಗಳಿಗೆ ಇಬ್ಬರು ಮಕ್ಕಳ ಹೆಸರು ಕೂಡಿಸಿ ಬೋರ್ಡು ಹಾಕುವ ಪದ್ಧತಿ ಕಾನ್ಸಾಸಿನಲ್ಲೂ ಇದೆಯೆಂದು ತಿಳಿದು ನನಗೆ ಸಮಾಧಾನವಾಗಿತ್ತು. 2009ರ ಅಕ್ಟೋಬರಿನಲ್ಲಿ ಗೂಗಲ್, ಫೋನಿನಲ್ಲೇ ತಿರುವು ತಿರುವಿಗೂ ದಾರಿ ಹೇಳುವುದನ್ನು ಪುಕ್ಕಟೆ ಕೊಡುತ್ತೇನೆ ಎಂದಿತು. ಆ ದಿನವೇ ಡಬ್ಬಿ ಕಂಪನಿಗಳ ಷೇರು ಧಡಕ್ಕನೆ ಬಿತ್ತು. ಅದಾಗಿ ಎರಡು ವರ್ಷಕ್ಕೆ ನಮ್ಮ ಭಾವ ಡಬ್ಬಿ ಕೊಂಡರು. ಅವರ ಷೇರು ವ್ಯವಹಾರವೂ ಹೀಗೇ.

ಪುಕ್ಕಟೆ ಎಂದೆ. ಪೂರ್ತಿ ಪುಕ್ಕಟೆಯಲ್ಲ, ದಾರಿ ಕೇಳುವವರೆಲ್ಲ ತಮಗೆ ಗೊತ್ತಿಲ್ಲದೆ ದಾರಿ ಹೇಳುವವರೂ ಆಗಿರುತ್ತಾರೆ. ಮುಂದೆ ರಸ್ತೆ ಕೆಂಪಾಗಿ ಕಾಣುವುದು ಅಲ್ಲಿ ಎಷ್ಟೋ ಜೇಬುಗಳಲ್ಲಿನ ಫೋನುಗಳು ತೆವಳುತ್ತಿವೆ ಎಂಬ ಕಾರಣಕ್ಕೆ. 2020ರಲ್ಲಿ ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್, ಒಂದು ಪುಟ್ಟ ಕೈಗಾಡಿಯಲ್ಲಿ 99 ಫೋನು ಹಾಕಿಕೊಂಡು ಖಾಲಿ ಬೀದಿಯಲ್ಲಿ ನಿಧಾನಕ್ಕೆ ಎಳೆದುಕೊಂಡು ಹೋದದ್ದನ್ನು ತೋರಿಸಿದ. ನಕ್ಷೆಯಲ್ಲಿ ಬೀದಿ ಕೆಂಪಾಯಿತು! ತಲೆಹರಟೆಯೇ, ಆದರೆ ಎಂಥ ಪಾಠ. ಡಬ್ಬಿಗೆ ಆಕಾಶವೊಂದೇ ಗೊತ್ತು, ಫೋನಿಗೆ ಆಕಾಶದ ಜೊತೆ ಊರಿನ ಜನರೂ ಗೊತ್ತು. ಗೊರಗುಂಟೆಪಾಳ್ಯದಲ್ಲಿ ಆಕಾಶದ ಜ್ಞಾನದಿಂದ ಏನೂ ಉಪಯೋಗವಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ.

ತೀರ್ಥಹಳ್ಳಿಯಲ್ಲಿ ಊಟ. ಅಲ್ಲಿಂದ ಮಾಸ್ತಿಕಟ್ಟೆಯ ಮೇಲೆ ಹುಲಿಕಲ್ ಘಾಟಿ. ನಾಲ್ಕು ನಿಮಿಷ ಉಳಿಸುವ ಹುಮ್ಮಸ್ಸಿನಲ್ಲಿ ಫೋನು ನಮ್ಮನ್ನು ಒಂದು ಒಳದಾರಿಗೆ ಹೊಗಿಸಿತು. ಯಾವ ಆ್ಯಪು ಎಂದು ಕೇಳಬೇಡಿ, ಎಲ್ಲವೂ ಒಂದೇ ಗುರುಕುಲದವು. ಡಾಂಬರು ಮಣ್ಣಾಯಿತು, ಮಣ್ಣು ಹುಲ್ಲಾಯಿತು, ಹುಲ್ಲು ಒಂದು ದಣಪೆಯ ಮುಂದೆ ಮುಗಿಯಿತು. ದಣಪೆಯಾಚೆ ಅಡಕೆ ತೋಟ. ಅದೇ ಹೊತ್ತಿಗೆ ಫೋನಿನ ನೆಟ್‌ವರ್ಕಿನ ಕಡ್ಡಿಗಳು ಒಂದೊಂದೇ ಉದುರಿ, ಕೃಷ್ಣ ಮೌನಕ್ಕೆ ಜಾರಿದ. ಹೊಸ ದಾರಿ ಕೇಳಿದರೆ ಚಕ್ರ ತಿರುಗಿಸುತ್ತದೆಯೇ ಹೊರತು ಮಾತಿಲ್ಲ.

ಭಾವನವರ ಮುಖದಲ್ಲಿ ಆಗ ಕಂಡ ಪ್ರಸನ್ನತೆಯನ್ನು ಅವರ ಮಗಳ ಮದುವೆಯಲ್ಲೂ ನಾನು ಕಂಡಿರಲಿಲ್ಲ. ರಸ್ತೆಗಳು ಬದಲಾಗಿರಬಹುದು, ಘಾಟಿ 2011ರಲ್ಲಿ ಎಲ್ಲಿತ್ತೋ ಅಲ್ಲೇ ಇದೆಯಲ್ಲ. ಡಬ್ಬಿ ಗಂಟಲು ಸರಿಮಾಡಿಕೊಂಡು ನಮ್ಮನ್ನು ಹಿಂದಕ್ಕೆ ತಿರುಗಿಸಿ, ದೊಡ್ಡ ರಸ್ತೆಗೆ ತಂದು, ಘಾಟಿಯ ನೆತ್ತಿಗೆ ಮುಟ್ಟಿಸಿತು.

ಆದರೂ ನ್ಯಾಯವಾಗಿ ಹೇಳಬೇಕೆಂದರೆ, ಫೋನು ಕುರುಡಾಗಿರಲಿಲ್ಲ. ಅದರ ನೀಲಿ ಚುಕ್ಕಿ ಬರಿಯ ಬೂದು ಪರದೆಯ ಮೇಲೆ ನಮ್ಮ ಜೊತೆಗೇ ಚಲಿಸುತ್ತಿತ್ತು. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹೋದದ್ದು ನಕ್ಷೆ ಮಾತ್ರ. ಮನೆಯಲ್ಲೇ ಆ ಸೀಮೆಯ ನಕ್ಷೆ ಇಳಿಸಿಟ್ಟುಕೊಂಡಿದ್ದರೆ ಕೃಷ್ಣನೂ ಮಾತಾಡುತ್ತಿದ್ದ. ಜಾಗ ತಿಳಿಯಲು ಇಬ್ಬರೂ ಮಾಡುವುದು ಒಂದೇ ಕೆಲಸ, ಕಿವಿಗೊಟ್ಟು ಕೇಳುವುದು. ಇತ್ತ ಕಡೆಯಿಂದ ಉಪಗ್ರಹಕ್ಕೆ ಒಂದಕ್ಷರವೂ ಹೋಗುವುದಿಲ್ಲ.

ಮಳೆಗಾಲದಲ್ಲಿ ಮಿಂಚು ಕಂಡ ಮೇಲೆ ಒಂದು, ಎರಡು, ಮೂರು, ನಾಲ್ಕು, ಐದು ಎಂದು ಎಣಿಸಿ, ಗುಡುಗು ಕೇಳಿದಾಗ ‘ಸಿಡಿಲು ಒಂದು ಮೈಲಿ ಆಚೆ’ ಎನ್ನುತ್ತಿದ್ದೆವಲ್ಲ, ಲೆಕ್ಕ ಅದೇ. 20,200 ಕಿಲೋಮೀಟರ್ ಮೇಲಿರುವ ಉಪಗ್ರಹ ‘ಈಗ ಇಷ್ಟು ಗಂಟೆ’ ಎನ್ನುತ್ತದೆ. ಆ ಮಾತು ನಮ್ಮನ್ನು ಮುಟ್ಟುವಷ್ಟರಲ್ಲಿ ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ಕಳೆದಿರುತ್ತದೆ. ಎಷ್ಟು ತಡವಾಯಿತೋ ಅಷ್ಟು ದೂರ. ಮೂರು ಉಪಗ್ರಹಗಳಿಂದ ಜಾಗ ಸಿಕ್ಕಬೇಕು, ಆದರೆ ನಮ್ಮ ಕೈಲಿರುವ ಗಡಿಯಾರ ಅಗ್ಗದ್ದಾದ್ದರಿಂದ ಅದರ ತಪ್ಪು ಹಿಡಿಯಲು ನಾಲ್ಕನೆಯದೂ ಬೇಕು. ಮೇಲಿನವು ಪರಮಾಣು ಗಡಿಯಾರಗಳು. ಅವಕ್ಕೂ ಒಂದು ದೋಷ ಉಂಟು. ಐನ್‌ಸ್ಟೈನ್ ಹೇಳಿದ ಹಾಗೆ, ಅಷ್ಟೆತ್ತರದಲ್ಲಿ ಅವು ದಿನಕ್ಕೆ 38 ಮೈಕ್ರೊಸೆಕೆಂಡು ಮುಂದೆ ಓಡುತ್ತವೆ. ತಿದ್ದದೆ ಬಿಟ್ಟರೆ ಒಂದು ದಿನದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪು ಸೇರಿಕೊಳ್ಳುತ್ತದೆ. ಹುಲಿಕಲ್ಲಿನಲ್ಲಿ ನಿಂತವನನ್ನು ಘಾಟಿಯ ಕೆಳಗಿನ ಹೊಸಂಗಡಿಯಾಚೆ ತೋರಿಸಿದಂತೆ. ಸಾಪೇಕ್ಷತೆಯನ್ನು ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಅದು ಹೋಟೆಲು ಹುಡುಕಲು ಬೇಕಾಗುತ್ತದೆಂದು ಆಗ ಗೊತ್ತಿದ್ದರೆ ತುಸು ಚೆನ್ನಾಗಿ ಮಾಡುತ್ತಿದ್ದೆ.

ಘಾಟಿ ಇಳಿಯುವಾಗ ಇನ್ನೊಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ಫೋನಿನಲ್ಲಿ ನಾವು ಯಾವ ಕಡೆ ಮುಖ ಮಾಡುತ್ತೇವೋ ಅದೇ ಮೇಲೆ. ಹಿಮ್ಮುರಿ ತಿರುವಿನಲ್ಲಿ ಇಡೀ ಸಹ್ಯಾದ್ರಿ ನಮ್ಮ ಸುತ್ತ ಗಿರಕಿ ಹೊಡೆಯುತ್ತದೆ. ಭಾವನವರ ಡಬ್ಬಿಯಲ್ಲಿ ಬಡಗು ಯಾವಾಗಲೂ ಮೇಲೆ. ಜಗತ್ತು ಕದಲುವುದಿಲ್ಲ, ನಾವು ತಿರುಗುತ್ತೇವೆ. ನಮ್ಮ ಕರಾವಳಿಯ ಹಳಬರಿಗೆ ಈ ಎರಡನೆಯದೇ ಸಹಜ. ನನ್ನ ಅಜ್ಜಿ ಎಡ–ಬಲ ಎಂದದ್ದು ನನಗೆ ನೆನಪಿಲ್ಲ. ‘ಚೆಂಬು ಮೂಡುಬದಿಗೆ ಇದೆ’, ‘ಸ್ವಲ್ಪ ತೆಂಕಕ್ಕೆ ಸರಿದು ಕೂತ್ಕೊ’ – ಕತ್ತಲೆಯ ಕೋಣೆಯಲ್ಲೂ ಹೀಗೇ. ಊರುಗಳೂ ಹಾಗೇ, ಮೂಡಬಿದಿರೆ, ಪಡುಬಿದ್ರಿ. ಯಕ್ಷಗಾನದ ಆಟವನ್ನೂ ಬಿಡಲಿಲ್ಲ, ತೆಂಕುತಿಟ್ಟು, ಬಡಗುತಿಟ್ಟು. ದೂರವೋ, ಕೂಗಳತೆಯಿಂದ ಶುರುವಾಗಿ ಹರದಾರಿ, ಗಾವುದ. ಇವರಿಗೆ ‘ಇನ್ನೂರು ಮೀಟರಿನಲ್ಲಿ ಬಲಕ್ಕೆ ತಿರುಗಿ’ ಎಂದರೆ, ಯಾರ ಬಲಕ್ಕೆ ಎಂದು ಕೇಳಿಯಾರು.

ದಿಕ್ಕಿನ ಮಾತು ಬಂದ ಮೇಲೆ ಗಂಗೊಳ್ಳಿಯ ತಾಂಡೇಲರ ಸುದ್ದಿ ಹೇಳದೆ ಮುಂದೆ ಹೋಗಲಾರೆ. ಬೋಟು ನಡೆಸುವ ಯಜಮಾನನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಇವರು ನನ್ನ ಹಳೆಯ ವಿದ್ಯಾರ್ಥಿ, ಭೂಗೋಳದಲ್ಲಿ ಸದಾ ಹಿಂದೆ! ಒಂದು ಸಲ ಬಂದರಿನಲ್ಲಿ ನಿಂತ ಬೋಟಿಗೆ ಹತ್ತಿಸಿಕೊಂಡು ತೋರಿಸಿದರು. ಚುಕ್ಕಾಣಿಯ ಪಕ್ಕ ಜಿಪಿಎಸ್, ಅದರ ಅಂಟೆನಾ ಕ್ಯಾಬಿನ್ನಿನ ತಲೆಯ ಮೇಲೆ. ಪರದೆಯಲ್ಲಿ ರಸ್ತೆಯಿಲ್ಲ, ಊರಿಲ್ಲ. ಬರೀ ಚುಕ್ಕೆಗಳು, ನೂರಾರು. ಒಂದೊಂದು ಚುಕ್ಕೆಗೂ ಒಂದೊಂದು ಕಥೆ. ಇಲ್ಲಿ ಕಲ್ಲಿದೆ, ಬಲೆ ಸಿಕ್ಕಿ ಹರಿದದ್ದು. ಇಲ್ಲಿ ಮುಳುಗಿದ ಬೋಟು. ಇಲ್ಲಿ ಮೀನು ಬಿದ್ದ ಜಾಗ – ಅದನ್ನು ತೋರಿಸುವಾಗ ಅಂಗೈ ಅಡ್ಡ ಹಿಡಿದರು, ನನಗೂ ಕಾಣಬಾರದೆಂದು. ಅಪ್ಪನ ಕಾಲದಲ್ಲಿ ಇದೆಲ್ಲ ನಕ್ಷತ್ರ, ಗುಡ್ಡದ ತಲೆ, ದೀಪಸ್ತಂಭಗಳ ಲೆಕ್ಕದಲ್ಲಿ ಮನಸ್ಸಿನೊಳಗಿರುತ್ತಿತ್ತಂತೆ.

“ಇದನ್ನು ಫೋನಿನಲ್ಲೂ ಗುರುತು ಹಾಕಬಹುದಲ್ಲ?” ಎಂದೆ.

“ಫೋನ್ ಉಪ್ಪುನೀರ್ ಕುಡುದ್ರೆ ಸತ್ತೋತ್ತ್ ಮಾಷ್ಟ್ರೇ” ಎಂದರು. ಒದ್ದೆ ಬೆರಳಿಗೆ ಪರದೆ ಓಗೊಡುವುದಿಲ್ಲ, ಬಿಸಿಲಿಗೆ ಕಾಣುವುದಿಲ್ಲ, ಕಾದರೆ ತಾನೇ ಮಲಗಿಬಿಡುತ್ತದೆ, ಹತ್ತು ದಿನದ ಕಡಲಿನಲ್ಲಿ ನಡುನಡುವೆ ಹುಡುಗರು ಅದರಲ್ಲೇ ಸಿನಿಮಾ ನೋಡಿ ಚಾರ್ಜು ಮುಗಿಸಿರುತ್ತಾರೆ. ಇಸ್ರೋದವರದೇ ಒಂದು ವ್ಯವಸ್ಥೆ ಇದೆ, ಮೊದಲ ಉಪಗ್ರಹ 2013ರ ಜುಲೈಯಲ್ಲಿ ಹೋಯಿತು, ಅದರ ಕೇಂದ್ರ ಬೆಂಗಳೂರಿನ ಪಕ್ಕ ಬ್ಯಾಲಾಳುವಿನಲ್ಲಿ, ಹೆಸರು ನಾವಿಕ್ ಎಂದು ನಾನು ಜ್ಞಾನಪ್ರದರ್ಶನ ಮಾಡಿದೆ. ಕೊನೆಯ ಮಾತು ಅವರಿಗೆ ಹಿಡಿಸಿತು. “ನಮ್ಮದೇ ಹೆಸರು ಇಟ್ಟಿದಾರಲ್ಲ” ಎಂದರು.

ನೀರಿನವರಷ್ಟೇ ಅಲ್ಲ, ಬೆಟ್ಟ ಹತ್ತುವವರೂ ಬೈಕಿನಲ್ಲಿ ಲಡಾಖಿಗೆ ಹೋಗುವವರೂ ಇವತ್ತಿಗೂ ಡಬ್ಬಿ ಬಿಡದಿರುವುದು ಇಂಥ ಕಾರಣಕ್ಕೇ. ಕೈಯಲ್ಲಿ ಹಿಡಿಯುವ ಡಬ್ಬಿಗೆ ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ಇಡೀ ಹಗಲು ಸಾಕು. ಬೈಕಿನ ಹ್ಯಾಂಡಲ್ಲಿಗೆ ಕಟ್ಟಿದ ಫೋನಿನ ಕ್ಯಾಮೆರಾ ಇಂಜಿನ್ನಿನ ನಡುಕಕ್ಕೆ ಕೆಡಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತು. ಒಂದು ಮಾತು ಮಾತ್ರ ನೆನಪಿರಲಿ. ಕೇಳಿಸಿಕೊಳ್ಳುವ ಡಬ್ಬಿ ಬೇರೆ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಡಬ್ಬಿ ಬೇರೆ. ಎರಡನೆಯದನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಚಾರಣಿಗರು ವಿಮಾನ ನಿಲ್ದಾಣದಲ್ಲೇ ಪೊಲೀಸರ ಅತಿಥಿಗಳಾದದ್ದುಂಟು.

ಎಲ್ಲಿದ್ದೆವು? ಹೊಸಂಗಡಿ. ನೆಟ್‌ವರ್ಕ್ ಬಂತು, ಕೃಷ್ಣನಿಗೆ ಜೀವ ಬಂತು. ಮತ್ತೆ ಇಬ್ಬರ ವಾದ. ಗದ್ದೆಗಳ ನಡುವಿನ ಕವಲೊಂದರಲ್ಲಿ ಇಬ್ಬರೂ ಒಟ್ಟಿಗೆ, ಜೀವಮಾನದಲ್ಲಿ ಮೊದಲ ಸಲ ಒಮ್ಮತದಿಂದ, ‘ನೀವು ತಲುಪಿದ್ದೀರಿ’ ಎಂದು ಘೋಷಿಸಿದರು. ಮನೆ ಇರಲಿಲ್ಲ. ಒಂದು ಬೈಹುಲ್ಲಿನ ಕುತ್ತರಿ ಇತ್ತು, ಅದರ ನೆರಳಲ್ಲಿ ಒಂದು ದನ ಇತ್ತು.

ಮನೆಯವರಿಗೆ ಫೋನು ಮಾಡಿದೆ. ಆ ಕೆಲಸಕ್ಕೆ ಡಬ್ಬಿ ಬಾರದು ಎಂದು ಮಗ ಮೆಲ್ಲಗೆ ಹೇಳಿದ್ದನ್ನು ಭಾವನವರು ಕೇಳಿಸಿಕೊಳ್ಳದಂತೆ ಕೇಳಿಸಿಕೊಂಡರು.

“ಅಲ್ಲೇ ನಿಲ್ಲಿ ಮಾಷ್ಟ್ರೇ, ಮಾಣಿನ್ ಕಳ್ಸ್ತೆ.”

ಐದು ನಿಮಿಷಕ್ಕೆ ಹತ್ತನೆಯ ಕ್ಲಾಸಿನ ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದ. ಮೂಡುಮನೆಗೆ ದಾರಿ ಯಾವುದು ಎಂದು ಭಾವ ಕೇಳಿದರು. ಅವನು ಸಂಜೆಯ ಸೂರ್ಯನ ಕಡೆಗೆ ಕೈ ತೋರಿಸಿದ.

“ಅದು ಪಡು ಅಲ್ಲವಾ?” ಭಾವ ಡಬ್ಬಿಯನ್ನೊಮ್ಮೆ ನೋಡಿ ಖಾತ್ರಿಪಡಿಸಿಕೊಂಡರು.

“ಹೌದು. ಹಳೇ ಮನೆ ಮೂಡಕ್ಕಿತ್ತು, ಅದನ್ನು ಕೆಡವಿದ್ರು. ಹೊಸ ಮನೆ ಪಡುಗದ್ದೆಯಲ್ಲಿ” ಎಂದು ಹುಡುಗ ಸೈಕಲ್ ತಿರುಗಿಸಿದ. “ಆದ್ರೂ ಮೂಡುಮನೆಯೇ.”